ದಾವಣಗೆರೆಯಿಂದ ಆಫ್ರಿಕಾ ಸಫಾರಿಗೆ: ಮೊದಲು ತಿಂಗಳು, ಆಮೇಲೆ ಕಾಡು

ಕೀನ್ಯಾದ ಮಸಾಯಿ ಮಾರಾ ಒಳ್ಳೆಯದೋ ದಕ್ಷಿಣ ಆಫ್ರಿಕಾದ ಕ್ರೂಗರ್ ಒಳ್ಳೆಯದೋ? ಹೋಗುವ ತಿಂಗಳು ಗೊತ್ತಿಲ್ಲದೆ ಈ ಪ್ರಶ್ನೆಗೆ ಉತ್ತರ ಹೇಳಲಾಗದು. ಮಳೆ ಬಿದ್ದರೆ ಹುಲ್ಲು ಎತ್ತರಕ್ಕೆ ಬೆಳೆಯುತ್ತದೆ, ಹಳ್ಳಕೊಳ್ಳಗಳಲ್ಲೆಲ್ಲ ನೀರು ನಿಲ್ಲುತ್ತದೆ, ಪ್ರಾಣಿಗಳು ಚದುರಿಹೋಗುತ್ತವೆ. ಒಣ ತಿಂಗಳುಗಳಲ್ಲಿ ನೀರು ಉಳಿದ ನಾಲ್ಕಾರು ಜಾಗಗಳಿಗೆ ಅವು ಬರಲೇಬೇಕು. ಹಾಗಾಗಿ ಪ್ರವಾಸ ಬರಹಗಾರರು ಯಾವುದೇ ಕಾಡನ್ನು ಹೊಗಳಿದ್ದರೂ ತೆಗಳಿದ್ದರೂ ಮೂರು ಸಂಗತಿ ಹುಡುಕಿ: ಅವರು ಹೋದ ತಿಂಗಳು, ಒಂದೇ ಕಡೆ ಉಳಿದ ರಾತ್ರಿಗಳು, ಕೂತಿದ್ದ ವಾಹನ. ಇವಿಲ್ಲದ ಬರಹ ಎಷ್ಟೇ ಸೊಗಸಾಗಿದ್ದರೂ ವಸತಿಗೃಹದ ವಿಮರ್ಶೆಯಷ್ಟೇ, ಕಾಡಿನ ವಿಮರ್ಶೆಯಲ್ಲ.

ನಮ್ಮ ಬಿಡುವಿಗೆ ಯಾವ ಕಾಡು ಹೊಂದುತ್ತದೆ

ದಾವಣಗೆರೆ, ಚಿತ್ರದುರ್ಗದ ಮನೆಗಳಲ್ಲಿ ಬಿಡುವು ಸಿಗುವುದು ಮಕ್ಕಳ ಬೇಸಿಗೆ ರಜೆಯಲ್ಲಿ, ದಸರಾ ರಜೆಯಲ್ಲಿ, ಇಲ್ಲವೇ ಕೊಯ್ಲು ಮುಗಿದ ಮೇಲೆ. ಲೆಕ್ಕ ಅಲ್ಲಿಂದಲೇ ಶುರುವಾಗಲಿ.

ಏಪ್ರಿಲ್ ರಜೆಗೆ ಕೀನ್ಯಾ, ತಾಂಜಾನಿಯಾ ಬೇಡ. ಮಾರ್ಚ್ ಕೊನೆಯಿಂದ ಮೇವರೆಗೆ ಅಲ್ಲಿ ದೊಡ್ಡ ಮಳೆಗಾಲ. ಆಗ ‘ಗ್ರೀನ್ ಸೀಸನ್’ ಎಂಬ ಹೆಸರಲ್ಲಿ ಪ್ಯಾಕೇಜ್ ದರ ಬಹಳ ಇಳಿಯುತ್ತದೆ. ದರ ಇಳಿಯಲು ಕಾರಣ ಮಣ್ಣು. ಮಾರಾದ ಬಹುಭಾಗ ಕಪ್ಪು ಎರೆ ಭೂಮಿ. ಮಳೆ ಬಂದ ಮೇಲೆ ಜಗಳೂರು, ಹಿರಿಯೂರು ಕಡೆಯ ಎರೆ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ಫೋರ್ ವೀಲ್ ಡ್ರೈವ್ ಗಾಡಿಯೂ ಹೂತುಕೊಳ್ಳುತ್ತದೆ, ಅರ್ಧ ದಿನ ಎಳೆದು ತೆಗೆಯುವುದರಲ್ಲೇ ಹೋಗುತ್ತದೆ. ಬೇಸಿಗೆ ರಜೆಗೇ ಹೋಗಬೇಕಾದರೆ ದಕ್ಷಿಣ ಆಫ್ರಿಕಾ ಸರಿ, ಅದೂ ಮೇ ತಿಂಗಳಲ್ಲಿ. ಅಲ್ಲಿ ಮಳೆ ಮುಗಿದು ಹುಲ್ಲು ಒಣಗಲು ಶುರುವಾಗಿರುತ್ತದೆ, ಸೊಳ್ಳೆ ಕಡಿಮೆಯಾಗಿರುತ್ತದೆ.

ದಸರಾ ರಜೆ ನಮ್ಮವರಿಗೆ ಸಿಗುವ ಅತ್ಯುತ್ತಮ ಅವಕಾಶ. ಅಕ್ಟೋಬರ್‌ನಲ್ಲಿ ದಕ್ಷಿಣದ ದೇಶಗಳಲ್ಲಿ ಒಣಗಾಲದ ಕೊನೆಯ ದಿನಗಳು. ಬೋಟ್ಸ್ವಾನಾದ ಚೋಬೆ ನದಿಗೆ ಆನೆಗಳು ಹಿಂಡುಹಿಂಡಾಗಿ ಇಳಿಯುತ್ತವೆ. ನಮೀಬಿಯಾದ ಎಟೋಶಾದಲ್ಲಿ ಹೊಂಡಗಳ ಸುತ್ತ ಪ್ರಾಣಿಗಳು ಸರದಿ ಕಾಯುತ್ತವೆ. ಜಾಂಬಿಯಾದ ಸೌತ್ ಲುವಾಂಗ್ವಾದಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಚಳ್ಳಕೆರೆಯ ಏಪ್ರಿಲ್ ಕಂಡವರು ಅದಕ್ಕೆ ಹೆದರಬೇಕಿಲ್ಲ.

ಅಡಿಕೆ ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಬಿಡುವಾಗುವ ಚನ್ನಗಿರಿ ಕಡೆಯವರಿಗೆ ತಾಂಜಾನಿಯಾದ ದಕ್ಷಿಣ ಸೆರೆಂಗೆಟಿ, ಅದರಲ್ಲೂ ಎನ್ಡುಟು ಪ್ರದೇಶ. ಜುಲೈಯಿಂದ ಸೆಪ್ಟೆಂಬರ್ ಆಫ್ರಿಕಾದ ಪೂರ್ವ, ದಕ್ಷಿಣ ಭಾಗಗಳಿಗೆ ಒಳ್ಳೆಯ ಕಾಲವೇ. ಆದರೆ ಆಗ ಎಲ್ಲೆಡೆ ದರ ಏರಿರುತ್ತದೆ, ಪ್ರಸಿದ್ಧ ಕಾಡುಗಳಲ್ಲಿ ಗಾಡಿಗಳ ಸಾಲು ಇರುತ್ತದೆ.

ಮಾರಾ ಮತ್ತು ಸೆರೆಂಗೆಟಿ

ಇವೆರಡೂ ಒಂದೇ ಬಯಲು, ನಡುವೆ ದೇಶದ ಗಡಿ. ಸೆರೆಂಗೆಟಿ 14,763 ಚದರ ಕಿ.ಮೀ., ಮಾರಾ ರಿಸರ್ವ್ ಸುಮಾರು 1,510. ಹತ್ತು ಲಕ್ಷಕ್ಕೂ ಮೀರಿದ, ದೊಡ್ಡ ಹುಲ್ಲೆಗಳಾದ ವೈಲ್ಡ್‌ಬೀಸ್ಟ್‌ಗಳು ಮಳೆ, ಹುಲ್ಲು ಹಿಂಬಾಲಿಸಿ ವರ್ಷವಿಡೀ ಇಲ್ಲಿ ಸುತ್ತುತ್ತವೆ. ವಲಸೆ ಎಂದರೆ ಒಂದು ದಿನದ ಜಾತ್ರೆಯಲ್ಲ, ಮುಗಿಯದ ಸುತ್ತು. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ದಕ್ಷಿಣದ ಗಿಡ್ಡ ಹುಲ್ಲಿನ ಬಯಲಿನಲ್ಲಿ ಮರಿ ಹಾಕುತ್ತವೆ. ಹಳೆಯ ಜ್ವಾಲಾಮುಖಿ ಬೂದಿಯ ಆ ಮಣ್ಣಿನ ಹುಲ್ಲಿನಲ್ಲಿ ಕ್ಯಾಲ್ಸಿಯಂ, ರಂಜಕ ಹೆಚ್ಚು. ಹಾಲೂಡುವ ತಾಯಂದಿರಿಗೆ ಅದು ಬೇಕು. ಮರಿಗಳಲ್ಲಿ ಹೆಚ್ಚಿನವು ಎರಡು ಮೂರು ವಾರದೊಳಗೇ ಹುಟ್ಟುವುದರಿಂದ ಚೀತಾ, ಕತ್ತೆಕಿರುಬ, ಸಿಂಹಗಳೂ ಅಲ್ಲೇ ಬೀಡುಬಿಟ್ಟಿರುತ್ತವೆ. ನಮ್ಮ ತೂಕದಲ್ಲಿ ಫೆಬ್ರವರಿಯ ಎನ್ಡುಟು, ಆಗಸ್ಟ್‌ನ ನದಿ ದಾಟುವ ನೋಟಕ್ಕಿಂತ ಮೇಲು. ಕಾಣುವುದು ಖಾತ್ರಿ, ಗಾಡಿಯ ದಟ್ಟಣೆಯೂ ಕಡಿಮೆ.

ಮಾರಾ ನದಿ ದಾಟುವುದನ್ನೇ ನೋಡಬೇಕೆನ್ನುವವರು ಜುಲೈ ಕೊನೆಯಿಂದ ಅಕ್ಟೋಬರ್ ಆರಂಭದೊಳಗೆ ಹೋಗಬೇಕು, ಒಂದೇ ಕಡೆ ಕನಿಷ್ಠ 4 ರಾತ್ರಿ ಇಡಬೇಕು. ಇದಕ್ಕೆ ವೇಳಾಪಟ್ಟಿ ಇಲ್ಲ. ಹಿಂಡು ದಂಡೆಗೆ ಬಂದು, ಗಂಟೆಗಟ್ಟಲೆ ನಿಂತು, ಒಂದು ಜೀಬ್ರಾ ಬೆದರಿದರೂ ತಿರುಗಿ ಹೋಗಿಬಿಡುತ್ತದೆ. ಗಾಡಿಗಳು ದಂಡೆಯ ಅಂಚಿಗೇ ನುಗ್ಗಿ ಇಳಿಯುವ ದಾರಿ ಮುಚ್ಚಿದರಂತೂ ದಾಟುವುದೇ ಇಲ್ಲ. ದೂರ ನಿಂತು ಕಾಯೋಣ ಎಂದು ಚಾಲಕರಿಗೆ ನೀವೇ ಹೇಳಿ. ಗಿರಾಕಿ ಒತ್ತಾಯ ಮಾಡುತ್ತಾರೆಂದೇ ಅವರು ಮುಂದೆ ನುಗ್ಗುವುದು.

ಮಾರಾದ ಶುಲ್ಕ ಗೊತ್ತಿರಲಿ. 2024ರಲ್ಲಿ ಬಂದ ದರದಂತೆ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಟಿಕೆಟ್ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಮಾತ್ರ. ರಿಸರ್ವ್ ಒಳಗೆ ತಂಗಿದವರು ಹೊರಡುವ ದಿನ ಬೆಳಿಗ್ಗೆ 10ರೊಳಗೆ ಗೇಟು ದಾಟದಿದ್ದರೆ ಇನ್ನೊಂದು ದಿನದ ದುಡ್ಡು ತೆರಬೇಕು. ‘ಕೊನೆಯ ದಿನ ಬೆಳಗಿನ ಸಫಾರಿ ಸೇರಿದೆ’ ಎಂದು ಪ್ಯಾಕೇಜಿನಲ್ಲಿದ್ದರೆ ಆ ಶುಲ್ಕ ಯಾರದ್ದೆಂದು ಬರವಣಿಗೆಯಲ್ಲಿ ಕೇಳಿ. ದರ ಬದಲಾಗುತ್ತಿರುತ್ತದೆ, ಬುಕ್ ಮಾಡುವ ವಾರ ಮತ್ತೆ ನೋಡಿ.

ಇನ್ನೊಂದು ಮೋಸದ ಪ್ಯಾಕೇಜ್ ‘ಬೆಳಿಗ್ಗೆ ಮಾರಾ, ಸಂಜೆ ಸೆರೆಂಗೆಟಿ’. ನಕ್ಷೆಯಲ್ಲಿ ಎರಡೂ ಅಂಟಿಕೊಂಡಿವೆ, ಆದರೆ ಪ್ರವಾಸಿಗರು ನೇರವಾಗಿ ಗಡಿ ದಾಟುವಂತಿಲ್ಲ. ಇಸೆಬಾನಿಯಾ ಗಡಿ ಠಾಣೆಗೆ ಸುತ್ತಿ ಬರಬೇಕು. ಒಂದು ದಿನ ಪೂರ್ತಿ ರಸ್ತೆಗೇ ಹೋಯಿತು.

ಮಾರಾದ ಸುತ್ತ ಮಸಾಯಿ ಜನರ ಜಮೀನಿನಲ್ಲಿ ನಡೆಯುವ ಕನ್ಸರ್ವೆನ್ಸಿ ಎಂಬ ವನ್ಯಜೀವಿ ಪ್ರದೇಶಗಳಿವೆ: ಮಾರಾ ನಾರ್ತ್, ನಬೋಯಿಶೋ, ಓಲಾರೆ ಮೊಟೊರೊಗಿ. ಅಲ್ಲಿ ತಂಗಿದವರಿಗಷ್ಟೇ ಪ್ರವೇಶ, ಗಾಡಿಗಳು ಕಡಿಮೆ, ಗಾಡಿ ದಾರಿ ಬಿಟ್ಟು ಬಯಲಿಗಿಳಿಯಬಹುದು, ರಾತ್ರಿ ಸಫಾರಿ ಇದೆ, ಹಣದ ಪಾಲು ಜಮೀನಿನವರಿಗೆ ಬಾಡಿಗೆಯಾಗಿ ಸೇರುತ್ತದೆ. ದುಬಾರಿ ನಿಜ. ಆದರೂ ಎರಡು ಕಾಡು ಕಡಿಮೆ ನೋಡಿ ಇಲ್ಲಿ ಎರಡು ರಾತ್ರಿ ಹೆಚ್ಚು ಇರಿ ಎಂದೇ ಹೇಳುತ್ತೇವೆ.

ಕ್ರೂಗರ್: ಸ್ವಂತ ಸ್ಟೇರಿಂಗ್, ಸ್ವಂತ ಅಡುಗೆ

ಸುಮಾರು 19,500 ಚದರ ಕಿ.ಮೀ.ಯ ಕ್ರೂಗರ್ 1926ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ನಮ್ಮ ಊರಿನ ಮಧ್ಯಮ ವರ್ಗದ ಕುಟುಂಬಕ್ಕೆ ಇದರಷ್ಟು ಹೊಂದುವ ಕಾಡು ಆಫ್ರಿಕಾದಲ್ಲಿ ಇನ್ನೊಂದಿಲ್ಲ. ಅಲ್ಲೂ ರಸ್ತೆಯ ಎಡಬದಿ ಚಾಲನೆ, ಕಾರಿನ ಬಲಕ್ಕೆ ಸ್ಟೇರಿಂಗ್. ಮುಖ್ಯ ದಾರಿಗಳು ಡಾಂಬರು, ಸಾಮಾನ್ಯ ಕಾರು ಸಾಕು. ಎತ್ತರದ ಗಾಡಿ ಸಿಕ್ಕರೆ ಹುಲ್ಲಿನ ಮೇಲಿಂದ ಕಾಣುತ್ತದೆ. ಊರಿನ ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ, ಮೂಲ ಡಿಎಲ್ ಜೊತೆಗಿರಲಿ.

ಜೊಹಾನ್ಸ್‌ಬರ್ಗ್‌ನಿಂದ ದಕ್ಷಿಣದ ಗೇಟುಗಳಿಗೆ ಸುಮಾರು 5 ಗಂಟೆ ದಾರಿ. ವಿಮಾನ ಇಳಿದ ದಿನವೇ ಓಡಿಸಬೇಡಿ. ಗೇಟು ಮುಚ್ಚುವ ಹೊತ್ತಿಗೆ ತಲುಪದಿದ್ದರೆ ಒಳಗೆ ಕಾಯ್ದಿರಿಸಿದ ಕೋಣೆ ಇದ್ದೂ ಹೊರಗೆ ಉಳಿಯಬೇಕಾಗುತ್ತದೆ. ಜೂನ್, ಜುಲೈನಲ್ಲಿ ಗೇಟು ಮುಚ್ಚುವುದು ಸಂಜೆ 5:30ಕ್ಕೆ. ವೇಗಮಿತಿ ಡಾಂಬರಿನಲ್ಲಿ ಗಂಟೆಗೆ 50 ಕಿ.ಮೀ., ಮಣ್ಣುರಸ್ತೆಯಲ್ಲಿ 40. ನೋಡುವುದಕ್ಕೆ 20ರಿಂದ 25 ಸರಿಯಾದ ವೇಗ. ಹಾಗಾಗಿ ಬೆಳಗ್ಗೆ ಹೊರಟು ಮಧ್ಯಾಹ್ನದೊಳಗೆ 60–70 ಕಿ.ಮೀ. ಮೀರದಂತೆ ದಾರಿ ಯೋಜಿಸಿ. ಗೊತ್ತುಮಾಡಿದ ಜಾಗ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯುವಂತಿಲ್ಲ, ಕಿಟಕಿಯಿಂದ ಮೈ ಹೊರಗೆ ಚಾಚುವಂತಿಲ್ಲ.

ಮೊದಲ ಸಲಕ್ಕೆ ಲೋವರ್ ಸಾಬಿ 2 ರಾತ್ರಿ, ಸ್ಕುಕುಜಾ 1, ಸತಾರಾ 2. ಲೋವರ್ ಸಾಬಿಯಲ್ಲಿ ನದಿ, ನೀರಾನೆ, ಆನೆ. ಸತಾರಾದ ಬಯಲಿನಲ್ಲಿ ಸಿಂಹ, ಚೀತಾ. ಈ ಕ್ಯಾಂಪುಗಳು ಬೇಗ ತುಂಬುತ್ತವೆ, ವರ್ಷದ ಮುಂಚೆಯೇ ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ಉದ್ಯಾನಗಳ ಅಧಿಕೃತ ಜಾಲತಾಣದಲ್ಲಿ ಕಾಯ್ದಿರಿಸಿ. ಹಲವು ಬಂಗಲೆಗಳಲ್ಲಿ ಒಲೆ, ಫ್ರಿಜ್, ಪಾತ್ರೆ ಇರುತ್ತವೆ. ಕಾಯ್ದಿರಿಸುವಾಗ ಅಡುಗೆ ಸಲಕರಣೆ ಇದೆಯೇ ನೋಡಿಕೊಳ್ಳಿ, ಕೆಲವು ಕೋಣೆಗಳಲ್ಲಿ ಇರುವುದಿಲ್ಲ. ಅಕ್ಕಿ, ಬೇಳೆ, ತರಕಾರಿ ಅಲ್ಲಿನ ಊರುಗಳ ಅಂಗಡಿಯಲ್ಲಿ ಸಿಗುತ್ತವೆ. ಊಟ ಹೊರಗಿಟ್ಟು ಒಳಗೆ ಹೋದರೆ ಬಬೂನ್, ಕೋತಿಗಳು ಬಿಡುವುದಿಲ್ಲ. ಫ್ರಿಜ್ಜಿನ ಬಾಗಿಲಿಗೂ ಚಿಲಕ ಹಾಕಬೇಕು.

ಕ್ರೂಗರ್ ಮಲೇರಿಯಾ ಪ್ರದೇಶ. ಚಿಕ್ಕ ಮಕ್ಕಳಿದ್ದರೆ ಮಲೇರಿಯಾ ಇಲ್ಲದ ಪಿಲಾನೆಸ್‌ಬರ್ಗ್, ಮಡಿಕ್ವೆ, ಆಡೋ ಎಲಿಫೆಂಟ್ ಉದ್ಯಾನಗಳಿವೆ. ಮಡಿಕ್ವೆಗೆ ಸ್ವಂತ ಕಾರಿನಲ್ಲಿ ಸಫಾರಿ ಇಲ್ಲ, ಅಲ್ಲಿನ ಲಾಡ್ಜ್‌ನವರೇ ಕರೆದೊಯ್ಯಬೇಕು.

ಉಳಿದವು, ಚುಟುಕಾಗಿ

ತಾಂಜಾನಿಯಾದ ಎನ್ಗೊರೊಂಗೊರೊ ಬಾಯಿ ತೆರೆದ ಹಳೆಯ ಜ್ವಾಲಾಮುಖಿ. ಸುಮಾರು 600 ಮೀಟರ್ ಆಳ, ತಳ 260 ಚದರ ಕಿ.ಮೀ. ಆಸುಪಾಸು. ಕಪ್ಪು ಘೇಂಡಾಮೃಗ ಕಾಣಲು ಒಳ್ಳೆಯ ಜಾಗ. ತಳದಲ್ಲಿ ಜಿರಾಫೆ ಇಲ್ಲ, ಹುಡುಕಿ ಹೊತ್ತು ಕಳೆಯಬೇಡಿ. ಒಳಗಿಳಿಯಲು ಪ್ರತಿ ಗಾಡಿಗೆ ಬೇರೆಯೇ ಶುಲ್ಕವಿದೆ, ಅದು ದೊಡ್ಡ ಮೊತ್ತ. ಒಂದು ದಿನ ಸಾಕು, ಎರಡನೆಯ ದಿನ ಅದೇ ವೃತ್ತ ಸುತ್ತಬೇಕಾಗುತ್ತದೆ. ಬೆಳಗ್ಗೆ ಗೇಟು ತೆರೆದ ಕೂಡಲೇ ಇಳಿದರೆ ಮಾತ್ರ ಇದರ ಬೆಲೆ ಗೊತ್ತಾಗುತ್ತದೆ. ಅಂಚಿನ ಎತ್ತರ 2,300 ಮೀಟರ್ ಸುತ್ತಮುತ್ತ, ರಾತ್ರಿ ಕೊರೆಯುವ ಚಳಿ.

ಕೀನ್ಯಾದ ಅಂಬೋಸೆಲಿ 392 ಚದರ ಕಿ.ಮೀ.ಯ ಸಣ್ಣ ಉದ್ಯಾನ. ಆನೆಗಳ ಹಿಂದೆ 5,895 ಮೀಟರಿನ ಕಿಲಿಮಂಜಾರೋ ಕಾಣಬೇಕಾದರೆ ಬೆಳಿಗ್ಗೆ ಅಥವಾ ಸಂಜೆ. ನಡುಹಗಲು ಮೋಡ ಮುಚ್ಚುತ್ತದೆ. ಒಂದೇ ರಾತ್ರಿ ಇಟ್ಟವರು ಪರ್ವತ ಕಾಣದೆ ಬರುವುದು ಸಾಮಾನ್ಯ. ಎರಡು ರಾತ್ರಿ ಇಡಿ.

ಎಟೋಶಾದಲ್ಲಿ ಸುತ್ತುವುದಕ್ಕಿಂತ ಕೂರುವುದು ಲಾಭ. ಹೊಂಡದ ಬಳಿ ಎಂಜಿನ್ ಆರಿಸಿ ಎರಡು ಗಂಟೆ ಕೂತರೆ ಪ್ರಾಣಿಗಳೇ ಬರುತ್ತವೆ. ಒಕಾಕುಯೊ ಕ್ಯಾಂಪಿನ ಹೊಂಡಕ್ಕೆ ರಾತ್ರಿ ದೀಪವಿದೆ, ಘೇಂಡಾಮೃಗ ನೋಡಲು ಅಲ್ಲಿ ಕಾಯಿರಿ.

ಚೋಬೆಯಲ್ಲಿ ದೋಣಿ ಸಫಾರಿ ಬಿಡಬೇಡಿ. ಒಕವಾಂಗೊ ನದೀಮುಖಕ್ಕೆ ಅಂಗೋಲದ ಮಳೆನೀರು ತಿಂಗಳುಗಟ್ಟಲೆ ಹರಿದು ಬಂದು ಒಣಗಾಲದಲ್ಲೇ ಪ್ರವಾಹ ತುಂಬುತ್ತದೆ. ಮೇಯಿಂದ ಆಗಸ್ಟ್ ಒಳ್ಳೆಯದು, ಖರ್ಚು ಮಾತ್ರ ಎಲ್ಲಕ್ಕಿಂತ ಹೆಚ್ಚು. ಸೌತ್ ಲುವಾಂಗ್ವಾ ನಡೆದು ನೋಡುವವರ ಕಾಡು, ರಾತ್ರಿ ಸಫಾರಿಯಲ್ಲಿ ಚಿರತೆಗೆ ಹೆಸರಾದದ್ದು. ಕೀನ್ಯಾದ ನಕುರು ಸರೋವರದ ರಾಜಹಂಸಗಳ ಹಳೆಯ ಚಿತ್ರ ನಂಬಿ ಹೋಗಬೇಡಿ. ನೀರಿನ ಮಟ್ಟ ಏರಿ ಅವು ಬಹುಪಾಲು ಬೊಗೊರಿಯಾ ಮುಂತಾದ ಸರೋವರಗಳಿಗೆ ಹೋಗಿವೆ. ಘೇಂಡಾಮೃಗಕ್ಕಾಗಿ ಹೋಗಬಹುದು.

ಗೊರಿಲ್ಲಾ ನೋಡಲು ಪರವಾನಗಿ ಉಗಾಂಡಾದಲ್ಲಿ 800 ಡಾಲರ್, ರುವಾಂಡಾದಲ್ಲಿ 1,500. ಗುಂಪಿಗೆ 8 ಮಂದಿ, ನೋಡಲು ಒಂದು ಗಂಟೆ, ವಯಸ್ಸು 15 ದಾಟಿರಬೇಕು. ನೆಗಡಿ, ಜ್ವರ ಇದ್ದವರನ್ನು ಬಿಡುವುದಿಲ್ಲ. ನಮ್ಮ ಸೋಂಕು ಅವಕ್ಕೆ ತಗಲುತ್ತದೆ.

ಏಜೆಂಟರನ್ನು ಕೇಳಬೇಕಾದದ್ದು

ಗಾಡಿ ಯಾವುದು, ಅದರಲ್ಲಿ ಎಷ್ಟು ಜನ, ಪ್ರತಿಯೊಬ್ಬರಿಗೂ ಕಿಟಕಿ ಇದೆಯೇ? ಲ್ಯಾಂಡ್ ಕ್ರೂಸರ್‌ನಲ್ಲಿ 6 ಜನಕ್ಕಿಂತ ಹೆಚ್ಚಾದರೆ ನಡುವೆ ಕೂತವರಿಗೆ ತಲೆಗಳೇ ಕಾಣುತ್ತವೆ. ವಸತಿ ಗೇಟಿನ ಒಳಗೋ ಹೊರಗೋ, ಹೊರಗಾದರೆ ಎಷ್ಟು ದೂರ? ‘ಮಾರಾ’ ಎಂದು ಹೆಸರಿಟ್ಟುಕೊಂಡ ಲಾಡ್ಜ್ ಗೇಟಿನಿಂದ ಒಂದು ಗಂಟೆ ದೂರವಿದ್ದರೆ ಬೆಳಗಿನ ಮುಖ್ಯ ಹೊತ್ತು ರಸ್ತೆಯಲ್ಲೇ ಕಳೆಯುತ್ತದೆ. ದಿನಕ್ಕೆ ಎರಡು ಸಫಾರಿಯೋ, ಬುತ್ತಿ ಕಟ್ಟಿಕೊಂಡು ಇಡೀ ದಿನ ಹೋಗಬಹುದೋ? ಕಿಲೋಮೀಟರಿಗೆ ಮಿತಿ ಇದೆಯೇ? ಉದ್ಯಾನ ಶುಲ್ಕ, ನೀರು, ಟಿಪ್ಸ್ ಸೇರಿವೆಯೇ?

ರಸ್ತೆಯ ದೂರವನ್ನು ನಮ್ಮ ಹೆದ್ದಾರಿಯ ಲೆಕ್ಕದಲ್ಲಿ ಅಳೆಯಬೇಡಿ. ದಾವಣಗೆರೆಯಿಂದ ಬೆಂಗಳೂರಿನಷ್ಟೇ ದೂರದ ನೈರೋಬಿ–ಮಾರಾ ದಾರಿಗೆ 5ರಿಂದ 6 ಗಂಟೆ ಹಿಡಿಯುತ್ತದೆ, ಕೊನೆಯ ಭಾಗ ಮೈ ಕೈ ನೋಯಿಸುತ್ತದೆ. ಎಂಟು ದಿನಕ್ಕೆ ಐದು ಕಾಡು ತುಂಬಿದ ಪಟ್ಟಿ ಬಂದರೆ ಎರಡನ್ನು ಹೊಡೆದುಹಾಕಿ. ಎರಡು ರಾತ್ರಿಗಿಂತ ಕಡಿಮೆ ಇರುವ ಕಾಡು, ಎನ್ಗೊರೊಂಗೊರೊ ಬಿಟ್ಟರೆ, ದುಡ್ಡಿಗೆ ನಷ್ಟ.

ವಿದೇಶ ಪ್ಯಾಕೇಜಿಗೆ ಕಟ್ಟುವ ಹಣದ ಮೇಲೆ ಟಿಸಿಎಸ್ (ಮಾರುವವರೇ ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ) ಸೇರಿಸಿ ವಸೂಲಿ ಮಾಡುತ್ತಾರೆ. ಅದು ನಿಮ್ಮ ಪ್ಯಾನ್ ಲೆಕ್ಕಕ್ಕೆ ಬರುತ್ತದೆ, ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ರಸೀದಿ ಇಟ್ಟುಕೊಳ್ಳಿ.

ಕಾಗದ, ಲಸಿಕೆ, ಮಾತ್ರೆ

ಹೊರಡುವ ನಾಲ್ಕು ತಿಂಗಳ ಮುಂಚೆ ಪಾಸ್‌ಪೋರ್ಟ್ ತೆಗೆದು ನೋಡಿ: ಪ್ರವಾಸದ ನಂತರವೂ 6 ತಿಂಗಳ ಅವಧಿ ಉಳಿದಿರಬೇಕು, ಖಾಲಿ ಪುಟಗಳಿರಬೇಕು. ಕೀನ್ಯಾಕ್ಕೆ ವೀಸಾ ಬದಲು ಆನ್‌ಲೈನ್ ಇಟಿಎ (ಪ್ರಯಾಣ ಅನುಮತಿ), ತಾಂಜಾನಿಯಾ ಮತ್ತು ಉಗಾಂಡಾಕ್ಕೆ ಇ-ವೀಸಾ. ಕೀನ್ಯಾ, ಉಗಾಂಡಾ, ರುವಾಂಡಾ ಮೂರಕ್ಕೂ ಸೇರಿ 100 ಡಾಲರಿನ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಇದೆ, ತಾಂಜಾನಿಯಾ ಅದರಲ್ಲಿಲ್ಲ. ದಕ್ಷಿಣ ಆಫ್ರಿಕಾಕ್ಕೆ ಎರಡು ತಿಂಗಳ ಮುಂಚೆ ಅರ್ಜಿ ಹಾಕಿ, ಮಕ್ಕಳ ಜನನ ಪ್ರಮಾಣಪತ್ರದಲ್ಲಿ ತಂದೆ ತಾಯಿ ಇಬ್ಬರ ಹೆಸರೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ಇನಿಷಿಯಲ್ ಒಂದರಲ್ಲಿ ಬಿಡಿಸಿ ಬರೆದು ಇನ್ನೊಂದರಲ್ಲಿ ಬಿಡಿಸದಿದ್ದರೆ ತಕರಾರು ಏಳುತ್ತದೆ.

ಹಳದಿ ಜ್ವರದ ಲಸಿಕೆಯೇ ಅನೇಕರು ಕೊನೆಯಲ್ಲಿ ಎಡವುವ ಜಾಗ. ಕೀನ್ಯಾ, ಉಗಾಂಡಾದಿಂದ ಭಾರತಕ್ಕೆ ಮರಳುವವರ ಬಳಿ ಪ್ರಮಾಣಪತ್ರ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಆಗಿರಬೇಕು. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಎಲ್ಲ ಆಸ್ಪತ್ರೆಗಳಲ್ಲಿ ಸಿಗದು, ಸರ್ಕಾರ ಗೊತ್ತುಮಾಡಿದ ಕೇಂದ್ರಕ್ಕೇ ಹೋಗಬೇಕು. ನಮಗೆ ಬೆಂಗಳೂರೇ ಅನುಕೂಲ. ನಿಗದಿತ ದಿನಗಳಲ್ಲಿ ಮಾತ್ರ ಹಾಕುವುದುಂಟು, ಮೊದಲೇ ಸಮಯ ಕೇಳಿ. 60 ದಾಟಿದವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು ವಿಮಾನದ ಟಿಕೆಟ್ ತೆಗೆಯುವ ಮೊದಲೇ ವೈದ್ಯರನ್ನು ಕಾಣಬೇಕು.

ಮಲೇರಿಯಾಕ್ಕೆ ಹಳೆಯ ಕ್ಲೋರೋಕ್ವಿನ್ ಅಲ್ಲಿ ನಡೆಯುವುದಿಲ್ಲ. ವೈದ್ಯರು ಸಾಮಾನ್ಯವಾಗಿ ಅಟೊವಾಕ್ವೋನ್-ಪ್ರೊಗ್ವಾನಿಲ್, ಡಾಕ್ಸಿಸೈಕ್ಲಿನ್ ಅಥವಾ ಮೆಫ್ಲೋಕ್ವಿನ್ ಬರೆಯುತ್ತಾರೆ. ಮೊದಲನೆಯದನ್ನು ಹೋಗುವ 1–2 ದಿನ ಮುಂಚೆ ಶುರುಮಾಡಿ ಬಂದ ಮೇಲೆ 7 ದಿನ ತೆಗೆದುಕೊಳ್ಳಬೇಕು. ಉಳಿದೆರಡನ್ನು ಬಂದ ಮೇಲೆ 4 ವಾರ. ಊರಿಗೆ ಬಂದೆವಲ್ಲ ಎಂದು ನಿಲ್ಲಿಸಿದರೆ ತಿಂದದ್ದು ವ್ಯರ್ಥ. ಊರಿನ ಔಷಧ ಅಂಗಡಿಗೆ ಸಾಕಷ್ಟು ಮುಂಚೆಯೇ ಹೇಳಿ ತರಿಸಿಟ್ಟುಕೊಳ್ಳಿ.

ಚೀಲಕ್ಕೆ ಏನು

ಸಣ್ಣ ವಿಮಾನದಲ್ಲಿ ಕಾಡಿಗೆ ಹಾರುವುದಾದರೆ ಮಿತಿ ಸಾಮಾನ್ಯವಾಗಿ 15 ಕೆ.ಜಿ., ಕೈಚೀಲವೂ ಸೇರಿ. ಚಕ್ರದ ಗಟ್ಟಿ ಸೂಟ್‌ಕೇಸ್ ಹತ್ತಿಸುವುದಿಲ್ಲ, ಬಟ್ಟೆಯ ಮೆತ್ತನೆ ಬ್ಯಾಗ್ ಬೇಕು. ಕಡುನೀಲಿ, ಕಪ್ಪು ಬಟ್ಟೆಗೆ ಕಚ್ಚುವ ತ್ಸೆತ್ಸೆ ನೊಣ ಮುತ್ತುತ್ತದೆ, ಸೈನಿಕರ ಚಿತ್ತಾರದ ಬಟ್ಟೆ ಜಾಂಬಿಯಾ, ಜಿಂಬಾಬ್ವೆಗಳಲ್ಲಿ ಕಾನೂನಿಗೇ ವಿರುದ್ಧ. ಮಣ್ಣು ಬಣ್ಣ, ತಿಳಿ ಹಸಿರು ಸಾಕು. ತೆರೆದ ಗಾಡಿಯಲ್ಲಿ ಬೆಳಗಿನ ಗಾಳಿಗೆ ಸ್ವೆಟರ್, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು.

ಕೀನ್ಯಾದಲ್ಲಿ 2017ರಿಂದ, ತಾಂಜಾನಿಯಾದಲ್ಲಿ 2019ರಿಂದ ಪ್ಲಾಸ್ಟಿಕ್ ಕವರ್ ನಿಷಿದ್ಧ. ಶೇಂಗಾ ಚಟ್ನಿಪುಡಿ, ಖಾರ ಮಂಡಕ್ಕಿಯನ್ನು ಕ್ಯಾರಿ ಬ್ಯಾಗಿಗೆ ತುಂಬಿ ಗಂಟು ಹಾಕುವ ನಮ್ಮ ರೂಢಿ ಅಲ್ಲಿ ನಡೆಯದು. ಸ್ಟೀಲ್ ಡಬ್ಬಿ, ಬಟ್ಟೆ ಚೀಲ ಬಳಸಿ. ಹಣ್ಣು, ಬೀಜ, ಹಾಲಿನ ಪದಾರ್ಥ ಒಯ್ಯಬೇಡಿ.

ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ‘ಮಾಂಸ, ಮೀನು, ಮೊಟ್ಟೆ ಇಲ್ಲ, ಮಾಂಸದ ಸಾರೂ ಇಲ್ಲ’ ಎಂದು ಬಿಡಿಸಿ ಬರೆಯಿರಿ. ತರಕಾರಿ ಪಲ್ಯಕ್ಕೆ ಮಾಂಸದ ಸಾರು ಹಾಕುವುದುಂಟು. ಸ್ವಾಹಿಲಿಯಲ್ಲಿ ‘ಸಿಲಿ ನ್ಯಾಮಾ’ ಎಂದರೆ ಮಾಂಸ ತಿನ್ನುವುದಿಲ್ಲ. ಕೀನ್ಯಾದಲ್ಲಿ ಚಪಾತಿ ಮನೆಮನೆಯ ತಿಂಡಿ. ಮೆಕ್ಕೆಜೋಳದ ಹಿಟ್ಟಿನ ‘ಉಗಾಲಿ’ ಮುದ್ದೆ ಉಣ್ಣುವವರಿಗೆ ಹಿಡಿಸುತ್ತದೆ, ಜೊತೆಗೆ ‘ಸುಕುಮಾ ವಿಕಿ’ ಸೊಪ್ಪು.

ಕೀನ್ಯಾದಲ್ಲಿ ಪ್ಲಗ್ ಬ್ರಿಟಿಷ್ ಚೌಕ ಪಿನ್ನಿನದು, ಅಡಾಪ್ಟರ್ ಬೇಕು. ದಕ್ಷಿಣ ಆಫ್ರಿಕಾದ ಹಳೆಯ ಸಾಕೆಟ್‌ಗೆ ನಮ್ಮ ಗೀಸರಿನ ದಪ್ಪ ಮೂರು ಪಿನ್ನಿನ ಪ್ಲಗ್ ಕೂರುತ್ತದೆ. ಡಾಲರ್ ನೋಟು 2009ಕ್ಕಿಂತ ಹಳೆಯದಾದರೆ, ಹರಿದಿದ್ದರೆ ಅಲ್ಲಿ ತೆಗೆದುಕೊಳ್ಳುವುದಿಲ್ಲ. ಹೊಸವನ್ನೇ ಕೇಳಿ ಪಡೆಯಿರಿ, ಟಿಪ್ಸ್‌ಗೆ ಸಣ್ಣ ನೋಟುಗಳಿರಲಿ. ಡ್ರೋನ್ ಮನೆಯಲ್ಲೇ ಬಿಡಿ.

ಎಲ್ಲಕ್ಕಿಂತ ಮುಖ್ಯ, ತಲೆಗೊಂದು ಬೈನಾಕ್ಯುಲರ್. ಮನೆಗೆಲ್ಲ ಒಂದೇ ಇದ್ದರೆ ಚಿರತೆ ಇಳಿದು ಹೋಗುವ ಹೊತ್ತಿಗೂ ಸರದಿ ಬರುವುದಿಲ್ಲ. 8x42 ಅಳತೆ ತೆಗೆದುಕೊಳ್ಳಿ. 8 ಎಂದರೆ ಎಷ್ಟು ಪಟ್ಟು ಹತ್ತಿರ, 42 ಎಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. 10, 12 ಪಟ್ಟಿನವು ಗಾಡಿಯಲ್ಲಿ ಕೈ ನಡುಕಕ್ಕೆ ನಿಲ್ಲುವುದಿಲ್ಲ. ಕ್ಯಾಮೆರಾಕ್ಕೆ 100–400 ಮಿ.ಮೀ. ಲೆನ್ಸ್ ಸಾಕು. ಟ್ರೈಪಾಡ್ ಬದಲು ಹಳೆಯ ಜೀನ್ಸ್ ಕಾಲನ್ನು ದರ್ಜಿಯ ಬಳಿ ಚೀಲ ಹೊಲಿಸಿ ಖಾಲಿ ಒಯ್ಯಿರಿ, ಅಲ್ಲಿ 2 ಕೆ.ಜಿ. ಅಕ್ಕಿ ತುಂಬಿ ಕಿಟಕಿಯ ಮೇಲಿಡಿ. ಎಂಜಿನ್ ಆರಿಸದೆ ತೆಗೆದ ಚಿತ್ರ ಅಲುಗುತ್ತದೆ.

ಕೊಂಡ ಬೈನಾಕ್ಯುಲರನ್ನು ಅಲ್ಲಿಗೆ ಹೋಗಿ ಬಿಚ್ಚಬೇಡಿ. ಸೂಳೆಕೆರೆಯ ದಂಡೆಯಲ್ಲಿ ಎರಡು ಭಾನುವಾರ ನೀರುಹಕ್ಕಿಗಳ ಮೇಲೆ ಅಭ್ಯಾಸ ಮಾಡಿ. ಮೊದಲು ಬರಿಗಣ್ಣಿನಿಂದ ಗುರಿ ಹಿಡಿಯಿರಿ, ನೋಟ ಕದಲಿಸದೆ ಬೈನಾಕ್ಯುಲರ್ ಕಣ್ಣಿಗೆ ತನ್ನಿ. ಕೆಳಗೆ ನೋಡಿ ಮೇಲೆತ್ತಿದರೆ ಹಕ್ಕಿ ಸಿಗುವುದಿಲ್ಲ. ಇನ್ನೂ ಕಷ್ಟದ ಪರೀಕ್ಷೆ ಬೇಕಾದವರು ಅರಣ್ಯ ಇಲಾಖೆಯ ಅನುಮತಿ ಕೇಳಿ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗಕ್ಕೆ ಹೋಗಲಿ. 2011ರಲ್ಲಿ ನಾಲ್ಕು ಕೊಂಬಿನ ಹುಲ್ಲೆಯಾದ ಕೊಂಡುಕುರಿಗಾಗಿ ಘೋಷಿಸಿದ ವನ್ಯಜೀವಿ ಧಾಮ ಅದು. ಕುರುಚಲಲ್ಲಿ ನಿಂತ ಕೊಂಡುಕುರಿಯ ಕಿವಿ ಅಲುಗುವುದನ್ನು ಹಿಡಿಯಲು ಕಲಿತ ಕಣ್ಣಿಗೆ ಕ್ರೂಗರ್‌ನ ಪೊದೆಯಲ್ಲಿ ಮಲಗಿದ ಸಿಂಹ ತಪ್ಪುವುದಿಲ್ಲ.

ಮರಳಿ ಬಂದ ಮೇಲೆ

ಆಫ್ರಿಕಾದಿಂದ ಬಂದು ಮೂರು ತಿಂಗಳೊಳಗೆ ಜ್ವರ ಬಂದರೆ, ಮಾತ್ರೆ ತಪ್ಪದೆ ತಿಂದಿದ್ದರೂ, ಅದೇ ದಿನ ವೈದ್ಯರ ಬಳಿ ಹೋಗಿ. ಮೊದಲ ಮಾತೇ ‘ಆಫ್ರಿಕಾಕ್ಕೆ ಹೋಗಿಬಂದಿದ್ದೇವೆ’ ಎಂದಿರಲಿ. ಹೇಳದಿದ್ದರೆ ಡೆಂಗಿ, ಟೈಫಾಯ್ಡ್ ಎಂದು ಎರಡು ಮೂರು ದಿನ ಹೋಗಿಬಿಡಬಹುದು. ಅಲ್ಲಿನ ಫಾಲ್ಸಿಪಾರಂ ಮಲೇರಿಯಾ ಅಷ್ಟರಲ್ಲಿ ಜೀವಕ್ಕೆ ಅಪಾಯ ತರಬಲ್ಲದು. ರಕ್ತಪರೀಕ್ಷೆಯಲ್ಲಿ ಮೊದಲ ಸಲ ಕಾಣದಿದ್ದರೆ 12ರಿಂದ 24 ಗಂಟೆಯೊಳಗೆ ಮತ್ತೆ ಮಾಡಿಸಿ.